ಕನ್ನಡಿಯಲ್ಲಿ ನಾಲ್ಕು ಕಿಡಿ

ಬಕೆಟ್ಟಿನ ನೀರು ಇನ್ನೂ ಅಲ್ಲಾಡ್ತಾನೇ ಇದೆ, ಯಾರೂ ಮುಟ್ಟಿಲ್ಲ, ಗಾಳಿಯೂ ಇಲ್ಲ, ಆದರೂ ನೀರಿನ ಮೇಲೆ ಬಾಗಿಲ ಕಡೆಯ ಬೆಳಕು ಚೂರುಚೂರಾಗಿ ಒಡೆದು ಮತ್ತೆ ಕೂಡಿಕೊಳ್ಳುತ್ತಿದೆ, ನಡುಗ್ತಿರೋದು ನೀರೋ ತನ್ನ ಕಣ್ಣೋ ಅಂತ ಆರ್ಡನ್‌ಗೆ ಅನುಮಾನ, ಎಪ್ಪತ್ತು ದಾಟಿದ ಮೇಲೆ ಕಣ್ಣನ್ನ ನಂಬೋ ಹಾಗಿಲ್ಲ, ಕಿವಿಯನ್ನ ನಂಬಬಹುದು — ಊರಿನ ಹೈಸ್ಕೂಲಿನಲ್ಲಿ ಬ್ಯಾಂಡ್ ಕಲಿಸಿಯೇ ತಲೆ ಹಣ್ಣಾದ ಮನುಷ್ಯನ ಕಿವಿ, ಮೂರನೇ ಸಾಲಿನ ತುತ್ತೂರಿಯವನು ಅಪಸ್ವರ ಊದಿದರೆ ಬೆನ್ನು ತಿರುಗಿಸಿಕೊಂಡೇ ಹಿಡಿಯುತ್ತಿದ್ದ ಕಿವಿ — ಅದಕ್ಕೇ ಕಣ್ಣನ್ನು ತಟ್ಟೆಯ ಮೇಲೆ ಇಟ್ಟು ಕಿವಿಯನ್ನು ಆ ಕಡೆಗೆ ಇಟ್ಟು ಕೂತಿದ್ದಾನೆ. ಆ ಕಡೆ ಅಂದರೆ ಏನಿದೆ, ವಿಮಾನ ನಿಲ್ಲಿಸೋ ಹ್ಯಾಂಗರಿನ ಗೋಡೆ ಹತ್ತಿರ ಸಾಮಾನು ಬಿಗಿ ಹಿಡಿಯೋ ಕಬ್ಬಿಣದ ವೈಸು, ಅದರ ಬಾಯಲ್ಲಿ ಕಚ್ಚಿಸಿದ ಒಂದು ಬೋಲ್ಟು, ಬೋಲ್ಟಿಗೆ ತೊಡಿಸಿದ ಉದ್ದನೆಯ ಪೈಪು, ಪೈಪಿನ ತುದಿಗೆ ನೀರು ತುಂಬಿದ ಬಕೆಟ್ಟು, ಅಷ್ಟೇ, ನೋಡಿದವರು ನಗಬೇಕು, ಬೆಳೆದ ಗಂಡಸರ ಆಟವೇ ಇದು ಅಂತ. ಆದರೆ ಡ್ವೇನ್ ಎಲ್ಲರೆದುರಿಗೆ ಎದೆ ತಟ್ಟಿ ಹೇಳಿಬಿಟ್ಟಿದ್ದಾನಲ್ಲ, ಒಲೆ ಮುಂದೆ ನಿಂತ ಬೆವ್ ಪ್ಯಾನ್‌ಕೇಕಿಗೆ ಕಲಸಿಟ್ಟ ಹಿಟ್ಟು ಮುಗಿಯೋ ತನಕ ಈ ಬೋಲ್ಟು ತಾಳಿದರೆ ನಾನು ನನ್ನ ವಿಮಾನದಲ್ಲಿ ಹಾರೋದೇ ಸೈ, ಆಮೇಲೆ ನೀನು ತುಟಿ ಪಿಟಿಕ್ ಅನ್ನಬಾರದು ಆರ್ಡನ್ — ತಾಳಿದರೂ ಹಾರಬೇಡ ಕಣಯ್ಯಾ ಅಂತ ಹೇಳಿದ್ದಕ್ಕೆ ಅವನು ಕಿವಿಯನ್ನೇ ಕೊಡಲಿಲ್ಲ, ಬಾ, ಪ್ಯಾನ್‌ಕೇಕ್ ತಣ್ಣಗಾಗುತ್ತೆ ಅಂದ. ಇವನ ಜೀವ ಈಗ ಒಂದು ಪಾತ್ರೆ ಹಿಟ್ಟಿನ ಮೇಲೆ ನಿಂತಿದೆ, ದೇವರೇ.

ಹೊರಗೆ ಹುಲ್ಲಿನ ಓಡುದಾರಿಯ ಅಂಚಲ್ಲಿ ಅದು ನಿಂತಿದೆ, ಡ್ವೇನ್ ಕಟ್ಟಿದ ಜೋಡಿರೆಕ್ಕೆಯ ವಿಮಾನ, ಜೋಳದ ಹೊಲದ ಹಸಿರಿಗೆ ಬೆನ್ನು ಕೊಟ್ಟು, ಕೆನೆಬಣ್ಣದ ಮೈ, ಚೆರ್ರಿ ಕೆಂಪಿನ ಪಟ್ಟಿ, ಅಯ್ಯೋ ಎಂಥ ಚೆಲುವೆ, ನೋಡಿದರೆ ಜಗಳ ಮರೆತುಹೋಗಬೇಕು. ಈ ವಿಸ್ಕಾನ್ಸಿನ್ ನಾಡಿನಲ್ಲಿ ಕೊಟ್ಟಿಗೆಗೊಂದು ವಿಮಾನ, ಹಸು ಮಾರಿದವನೂ ಕಟ್ಟುತ್ತಾನೆ, ಪಾದ್ರಿಯೂ ಕಟ್ಟುತ್ತಾನೆ, ಆರ್ಡನ್ ತಾನೂ ಎರಡು ಕಟ್ಟಿ ಹಾರಿಸಿದವನೇ, ಇನ್ನೊಬ್ಬರದ್ದನ್ನು ತಡವಿ ಕುಟ್ಟಿ ನೋಡಿ ಬುದ್ಧಿ ಹೇಳುವ ಕೆಲಸ ವಿಮಾನ ಕಟ್ಟೋರ ಸಂಘದವರು ಅವನ ಕೊರಳಿಗೆ ಕಟ್ಟಿ ಎಷ್ಟೋ ಕಾಲವಾಯಿತು — ಆದರೆ ಇಂಥ ಕೈ ಅವನು ಕಂಡಿಲ್ಲ. ಊರಿನವರ ಹಲ್ಲೆಲ್ಲ ರಿಪೇರಿ ಮಾಡಿದ ಕೈ, ಹಲ್ಲಿನ ಡಾಕ್ಟರ ಕೈ. ರೆಕ್ಕೆಯ ಬಟ್ಟೆಯನ್ನು ಮರದ ಪಕ್ಕೆಗಳಿಗೆ ಹೊಲಿದಿದ್ದಾನಲ್ಲ, ಒಂದೊಂದು ಗಂಟೂ ಒಂದೇ ಅಳತೆ, ಒಸಡಿಗೆ ಹೊಲಿಗೆ ಹಾಕಿದ ಹಾಗೆ, ರಕ್ತ ಬರಲಿಲ್ಲ ಅಷ್ಟೇ ಅಂತ ಅವನೇ ತಮಾಷೆ ಮಾಡ್ತಿದ್ದ. ಬಟ್ಟೆ ಮುಚ್ಚೋ ಮುಂಚೆ ಎಲ್ಲರನ್ನೂ ಕರೆದು ಒಳಗಿನ ಪಕ್ಕೆಗಳ ಮೇಲೆ ಹೆಸರು ಬರೆಸಿದ, ಅದು ನಮ್ಮ ರೂಢಿ, ಕಂಡವರಿಗೆ ಕಾಣದ ಜಾಗದಲ್ಲಿ ಗೆಳೆಯರ ಹೆಸರು ಹೊತ್ತು ವಿಮಾನ ಏಳಬೇಕು — ಆರ್ಡನ್ ಎಡರೆಕ್ಕೆಯ ಒಳಗಿದ್ದಾನೆ, ಪಕ್ಕದಲ್ಲೇ ಗೋರ್ಡಿ, ಸತ್ತುಹೋದ ಗೋರ್ಡಿ, ಆಸ್ಪತ್ರೆಗೆ ಹೋಗೋ ಮುಂಚಿನ ವಾರ ಬಂದು ನಡುಗೋ ಕೈಲಿ ಬರೆದದ್ದು. ಅವತ್ತು ಆರ್ಡನ್ ಹುಡುಕದ ಮೂಲೆಯಿಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದ, ಒಂದು ತಪ್ಪೂ ಸಿಗಲಿಲ್ಲ. ಸರಿಯಾಗಿತ್ತು. ಎಲ್ಲಾ ಸರಿಯಾಗಿತ್ತು. ಅದಾದ ಮೇಲೆ ಡ್ವೇನ್‌ಗೆ ಅದನ್ನು ಇನ್ನೂ ಚೆಂದ ಮಾಡುವ ಮನಸ್ಸು ಬಂತು ನೋಡಿ.

ಕನ್ನಡಿಯೂ ಡ್ವೇನೇ ಕೊಟ್ಟದ್ದು, ಅದನ್ನು ನೆನೆದರೆ ನಗು ಬರುತ್ತೆ, ಅಳುವೂ. ಬಾಯೊಳಗೆ ಹಾಕಿ ನೋಡುತ್ತಾರಲ್ಲ, ಉದ್ದ ಹಿಡಿಯ ತುದಿಗೆ ನಾಣ್ಯದಷ್ಟು ದುಂಡು ಕನ್ನಡಿ, ಕ್ಲಿನಿಕ್ ಮುಚ್ಚುವಾಗ ಸಂಘದ ಎಲ್ಲರಿಗೂ ಒಂದೊಂದು ಹಂಚಿದ, ವಿಮಾನಕ್ಕೂ ಕೈ ಹೋಗದ ಸಂದುಗಳಿವೆ, ಹಲ್ಲಿಗೂ ಇವೆ, ತಗೊಳ್ರಪ್ಪಾ ಅಂತ. ಆವತ್ತಿನಿಂದ ಆರ್ಡನ್‌ನ ಅಂಗಿ ಜೇಬಲ್ಲಿ ಪೆನ್ನಿನ ಬದಲು ಅದೇ ಇರೋದು. ಈ ಬೆಳಗ್ಗೆ ಜನ ಎಲ್ಲ ಸುತ್ತ ನಿಂತು ಆಹಾ ಓಹೋ ಅನ್ನುತ್ತಿದ್ದರು, ಮಾರ್ಲಿಸ್ ತನ್ನ ಗಂಡ ಡ್ವೇನ್‌ನ ಕೊರಳಿಗೆ ಹೊಸ ಸ್ಕಾರ್ಫ್ ಸುತ್ತುತ್ತಿದ್ದಳು, ಆರ್ಡನ್‌ಗೆ ಸುಮ್ಮನೆ ಇರಲಾಗದೆ, ಕೈ ಸುಮ್ಮನಿರೋದಿಲ್ಲವಲ್ಲ, ಕೆಳರೆಕ್ಕೆಯ ಬುಡದ ಸಣ್ಣ ಮುಚ್ಚಳ ತೆಗೆದು ಕನ್ನಡಿ ಒಳಗೆ ತೂರಿಸಿದ, ಪ್ರೀತಿಯಿಂದಲೇ, ಇನ್ನೊಂದು ಸಲ ಕಣ್ಣು ತುಂಬ ನೋಡೋಣ ಅಂತಲೇ — ಕಿಡಿ. ಒಂದು, ಎರಡು, ಮೂರು, ನಾಲ್ಕು. ಕತ್ತಲೆಯಲ್ಲಿ ನಾಲ್ಕು ಬಿಳಿ ಕಿಡಿ, ನಗುವ ಬಾಯಲ್ಲಿ ನಾಲ್ಕು ಹಲ್ಲು ಕಂಡ ಹಾಗೆ. ರೆಕ್ಕೆಯನ್ನು ಮೈಗೆ ಹಿಡಿದಿಡುವ ಬೋಲ್ಟುಗಳು ಹೊಳೆಯಬಾರದು. ಮಾಸಲು ಹಳದಿ ಇರಬೇಕು, ಒಣಗಿದ ಸಾಸಿವೆಯ ಬಣ್ಣ, ಒಬ್ಬರೂ ತಿರುಗಿ ನೋಡದಂಥ ಬಣ್ಣ, ಅವತ್ತು ಹಾಗೇ ಇದ್ದವು. ಡ್ವೇನ್, ಇದೇನಯ್ಯಾ ಇದು. ಹೇಗಿದೆ ಹೇಳು, ಅವನ ಮುಖದಲ್ಲಿ ಮದುವೆಮನೆಯ ಖುಷಿ, ಚಳಿಗಾಲದಲ್ಲಿ ಕೈ ಖಾಲಿ ಇತ್ತಲ್ಲ, ಅವನ್ನೇ ಬಿಚ್ಚಿ ಪಕ್ಕದೂರಲ್ಲಿ ಮೋಟಾರ್‌ಸೈಕಲ್ ಸಾಮಾನಿಗೆ ಹೊಳೆಯೋ ಕ್ರೋಮ್ ಲೇಪ ಹಾಕ್ತಾರಲ್ಲ ಅವರ ಹತ್ರ ಹಾಕಿಸ್ದೆ, ಮೊನ್ನೆ ಕೂರಿಸಿ ಗಟ್ಟಿಯಾಗಿ ಬಿಗಿದೆ, ಒಳಗಡೆ ಯಾರಿಗೂ ಕಾಣಲ್ಲ ಅಂತ ಮಾರ್ಲಿಸ್ ಬೈದಳು, ನನಗೆ ಗೊತ್ತಿರುತ್ತಲ್ಲೇ ಅಂದೆ.

ಯಾರಿಗೂ ಕಾಣದ ಜಾಗವನ್ನೂ ಚೆಂದ ಮಾಡುವವನಿಗೆ ಏನು ಹೇಳುವುದು, ಹೇಗೆ ಹೇಳುವುದು, ಬಿಸಿ ತುಪ್ಪ, ನುಂಗೋಕಾಗಲ್ಲ ಉಗುಳೋಕಾಗಲ್ಲ. ಹೋದ ವರ್ಷ ಒಂದು ಜುಜುಬಿ ತಂತಿಯನ್ನು ತಿರುಗಾಮುರುಗಾ ಹೆಣೆದಿದ್ದೀಯ ಅಂದದ್ದಕ್ಕೆ ಇಡೀ ಬೇಸಿಗೆ ಮುಖ ತಿರುಗಿಸಿಕೊಂಡು ಓಡಾಡಿದ ಆಸಾಮಿ, ಹಾಗಂತ ತಂತಿ ಬಿಚ್ಚಿ ಸರಿ ಮಾಡದೇ ಇರಲಿಲ್ಲ, ಮಾರನೆಯ ದಿನವೇ ಮಾಡಿದ್ದ, ಹೇಳಲಿಲ್ಲ ಅಷ್ಟೇ. ಯಥಾರ್ಥವಾದಿ ಲೋಕವಿರೋಧಿ, ಲೋಕ ಹೋಗಲಿ, ಗೆಳೆಯ. ನುಂಗಿಬಿಡಲಾ ಅಂತ ಒಂದು ಗಳಿಗೆ ಅನಿಸಿತೇ, ಇಲ್ಲ, ಅನಿಸಲಿಲ್ಲ, ಯಾಕೆಂದರೆ ಗೋರ್ಡಿ ಎದುರು ನಿಂತುಬಿಟ್ಟ, ಸತ್ತವರಿಗೆ ಬಾ ಅನ್ನಬೇಕಿಲ್ಲ. ಹ್ಯಾಂಗರಿನ ಮೂಲೆಯಲ್ಲಿ ಮುರಿದ ಸಾಮಾನು ಜೋಡಿಸಿಟ್ಟ ಒಂದು ಮೇಜಿದೆ, ಅದು ಅವನದೇ ಶುರು. ಅವನ ವಿಮಾನ ಮೊದಲನೇ ಸಲ ನೆಲದ ಮೇಲೆ ಉರುಳುತ್ತಾ ಹೋದಾಗಲೇ ಚಕ್ರದ ಕಾಲಿನ ಬೋಲ್ಟು ಲಟಕ್ ಅಂತ ಮುರಿದು, ಅದು ಕಾಲು ಮಡಚಿದ ಎಮ್ಮೆಯ ಹಾಗೆ ಹುಲ್ಲಲ್ಲಿ ಕೂತುಬಿಟ್ಟಿತ್ತು, ಬೇಲಿ ಸಾಮಾನಿನ ಅಂಗಡಿಯಲ್ಲಿ ತಂದ ಬೋಲ್ಟು ಹಾಕಿದ್ದನಂತೆ, ಗೇಟಿಗೆ ಹಾಕೋದು, ಬೇರೆಯವರಾಗಿದ್ದರೆ ತುಂಡನ್ನು ಕೆರೆಗೆ ಎಸೆದು ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಗೋರ್ಡಿ ಮುಂದಿನ ಶನಿವಾರ ಸಂಘದ ಬೆಳಗಿನ ತಿಂಡಿಗೆ ಆ ತುಂಡುಗಳನ್ನೇ ತಂದು ಮೇಜಿನ ಮೇಲಿಟ್ಟು, ಕೇಳ್ರಪ್ಪಾ, ನಾನು ಮಾಡಿದ್ದು, ನೀವು ಮಾಡಬೇಡಿ, ಅಂದ. ಕೈಯಿಂದ ಕೈಗೆ ಹೋಯಿತು ಆ ತುಂಡು. ಯಾರೂ ನಗಲಿಲ್ಲ. ಬೆವ್ ಒಲೆಯ ಮೇಲಿದ್ದ ಕಡೆಯ ಪ್ಯಾನ್‌ಕೇಕನ್ನು ಅವನ ತಟ್ಟೆಗೆ ಹಾಕಿದಳು, ಆವತ್ತಿನಿಂದ ಕಡೆಯದು ಮೇಜಿನ ಮೇಲೆ ತನ್ನ ತಪ್ಪು ತಂದಿಟ್ಟವರಿಗೇ, ಎಷ್ಟು ಹಸಿದವರಿದ್ದರೂ ಅವರಿಗೇ. ಈಗ ಮೇಜು ತುಂಬ ಇದೆ — ಸರಿಯಾಗಿ ಅದುಮದೆ ಜಾರಿದ ತಂತಿಯ ಕೊಂಡಿ, ಅಂಟು ಕಚ್ಚದ ಮರದ ಜೋಡು, ಹಾರಿಸುವವನ ಕೈಯ ಕೋಲು ಬಲಕ್ಕೆ ಒತ್ತಿದರೆ ರೆಕ್ಕೆ ಎಡಕ್ಕೆ ವಾಲುವ ಹಾಗೆ ಅದಲುಬದಲು ಕಟ್ಟಿದ ತಂತಿಯ ಚಿತ್ರ, ಅದನ್ನು ತಂದವರು ಪಾದ್ರಿ, ನನ್ನ ದೇವರು ದೊಡ್ಡವನು ಆದರೆ ನೀವು ಕೋಲನ್ನು ಅಲ್ಲಾಡಿಸಿ ನೋಡಿ ಅಂದಿದ್ದರು. ಎಂಥೆಂಥ ದೊಡ್ಡ ಮನಸ್ಸಿನವರು ಈ ಜನ, ಹೊರಗಿನವರಿಗೆ ಗೊತ್ತೇ ಆಗಲ್ಲ, ಒಬ್ಬನ ಅವಮಾನ ಇನ್ನೊಬ್ಬನ ಆಯಸ್ಸು. ಡ್ವೇನ್ ಒಬ್ಬನೇ ಆ ಮೇಜಿಗೆ ಏನೂ ತಂದಿಲ್ಲ. ತರುವಂಥದ್ದೇನೂ ಅವನ ಕೈಯಿಂದ ಆಗಿಲ್ಲ.

ಆರ್ಡನ್ ಹೇಳಿದ. ಪಕ್ಕಕ್ಕೆ ಕರೆದು ಮೆಲ್ಲಗೇ ಹೇಳಿದ, ಡಾಕ್ಟ್ರೇ, ಕೋಪ ಮಾಡ್ಕೋಬೇಡ, ಗಟ್ಟಿ ಉಕ್ಕನ್ನ ಆ ಕ್ರೋಮಿನ ತೊಟ್ಟೀಲಿ ಅದ್ದಿ ಕರೆಂಟು ಹಾಯ್ಸಿದಾಗ ಹೈಡ್ರೋಜನ್ನು ಉಕ್ಕಿನೊಳಗೆ ಹೊಕ್ಕು ಕೂತ್ಕೊಳ್ಳುತ್ತೆ, ತಕ್ಷಣ ಒಲೆಗಿಟ್ಟು ಗಂಟೆಗಟ್ಟಲೆ ಬೇಯಿಸಿ ಓಡಿಸ್ಬೇಕು, ಮೋಟಾರ್‌ಸೈಕಲ್ಲಿನವರಿಗೆ ಅದೆಲ್ಲ ಯಾಕೆ, ಅವರು ಬೇಯಿಸಿರಲ್ಲ, ಉಕ್ಕು ಒಳಗೊಳಗೇ ಬಿಸ್ಕತ್ತಾಗಿರುತ್ತೆ. ಡ್ವೇನ್‌ನ ಕಿವಿ ಕೆಂಪಾಯಿತು, ಮೆಲ್ಲಗೆ ಮಾತಾಡುವ ಅಭ್ಯಾಸ ಅವನಿಗಿಲ್ಲ, ಬಿಸ್ಕತ್ತಾ, ಬಿಸ್ಕತ್ತಂತೆ, ಕೇಳಿದ್ರಾ, ಅಂತ ಹ್ಯಾಂಗರಿಗೆಲ್ಲ ಕೇಳಿಸಿ, ಜೇಬಿನಿಂದ ಒಂದು ಬೋಲ್ಟು ತೆಗೆದ, ಅವುಗಳ ಜೊತೆಯಲ್ಲೇ ಕ್ರೋಮ್ ಹಾಕಿಸಿದ ಐದನೆಯದು, ಇರಲಿ ಅಂತ ಹಾಕಿಸಿದ್ದು, ವೈಸಿಗೆ ಕಚ್ಚಿಸಿ ಸುತ್ತಿಗೆ ಎತ್ತಿ ಢಣ್ ಅಂತ ಬಾರಿಸಿದ. ಢಣ್, ಇನ್ನೊಂದು. ಬೋಲ್ಟು ಒಂದಿಷ್ಟು ಬಾಗಿತು, ಮುರಿಯಲಿಲ್ಲ. ನೋಡು ನಿನ್ನ ಬಿಸ್ಕತ್ತು! ಜನ ಚಪ್ಪಾಳೆ ತಟ್ಟಿದರು, ಆರ್ಡನ್‌ಗೂ ಒಳಗೊಳಗೆ ಹಾಯೆನಿಸಿತು, ಹೌದು, ಅನಿಸಿತು, ತಾನು ಪೆದ್ದನಾದರೆ ಇವನು ಉಳಿಯುತ್ತಾನಲ್ಲ. ಆದರೆ ಈ ರೋಗ ಏಟಿಗೆ ಹೊರಗೆ ಬರಲ್ಲ ಡ್ವೇನ್, ಇದು ಏಟಿಗೆ ಬಗ್ಗದ ಮೊಂಡ, ಭಾರ ಹೊರಿಸಿ ಕಾದರೆ ಬಾಯಿ ಬಿಡೋ ಕಳ್ಳ, ಹಾರುವಾಗ ರೆಕ್ಕೆ ಎಳೀತಾನೇ ಇರುತ್ತಲ್ಲ, ಸುತ್ತಿಗೆ ಹೊಡಿಯಲ್ಲ, ಎಳೀತಾ ಎಳೀತಾ — ಪೈಪು ತೊಡಿಸಿ ಬಕೆಟ್ಟು ನೇತುಹಾಕು, ಬಾ, ಕಾಯೋಣ. ಎಷ್ಟು ಹೊತ್ತು? ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ? ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಕಣಪ್ಪಾ, ಅದೇ ಇದರ ವಿಷ. ಡ್ವೇನ್ ಓಡುದಾರಿಯ ಕಂಬದ ಮೇಲಿನ ಗಾಳಿಚೀಲದ ಕಡೆ ನೋಡಿದ, ಗಾಳಿಯಿಲ್ಲದೆ ಸುಮ್ಮನೆ ಜೋಲುಬಿದ್ದಿತ್ತು, ಮೊದಲ ಹಾರಾಟಕ್ಕೆ ಕೇಳಿ ಮಾಡಿಸಿದ ಬೆಳಗ್ಗೆ, ಬಿಸಿಲೇರಿದರೆ ಹೊಲದಿಂದ ಗಾಳಿ ಏಳುತ್ತೆ, ಬೆವ್ ಹಿಟ್ಟು ಎಷ್ಟಿದೆ ಅಂದ, ಅರ್ಧ ಪಾತ್ರೆ ಅಂದಳು ಬೆವ್, ಸರಿ, ಹಿಟ್ಟು ಮುಗಿಯೋ ತನಕ.

ಈಗ ಒಂದೇ ಸಮನೆ ಸವಟಿನ ಸದ್ದು, ಬೆಣ್ಣೆಯ ಚೊಯ್, ಮೇಪಲ್ ಪಾಕದ ವಾಸನೆ, ಕಾಫಿ, ಜನ ಮಾತಾಡ್ತಿದ್ದಾರೆ ಹಾಲಿನ ರೇಟು, ಮೀನಿನ ಗಾತ್ರ, ಬೋಲ್ಟಿನ ಸುದ್ದಿ ಒಬ್ಬರೂ ಎತ್ತಲ್ಲ, ಕಣ್ಣು ಮಾತ್ರ ಎಲ್ಲರದೂ ಕಳ್ಳಗಣ್ಣು, ಬಕೆಟ್ಟಿನ ಕಡೆ ಹೋಗಿ ಬರುತ್ತೆ. ಮುರಿ, ಮಹರಾಯ, ಮುರಿ. ಛೆ, ಗೆಳೆಯನ ಕೆಲಸ ಮುರಿಯಲಿ ಅಂತ ಹರಕೆ ಹೊರುವವನು ಎಂಥ ಗೆಳೆಯ, ಆದರೂ ಮುರಿ, ಮುರಿಯದಿದ್ದರೆ ಆಮೇಲೆ ನಾನು ಪ್ರೊಪೆಲರ್ ಮುಂದೆ ಅಡ್ಡ ಮಲಗಬೇಕಾಗುತ್ತೆ, ಮಲಗ್ತೀನಿ, ಮಂಡಿ ನೋವಿದೆ ಏಳೋಕೆ ಇಬ್ಬರು ಬೇಕು, ಅಷ್ಟು ಹೊತ್ತಾದರೂ ತಡೆದ ಹಾಗಾಯ್ತು. ಟಿಣ್! — ಕಿವಿ ನಿಮಿರಿತು, ಸಣ್ಣದು, ಶುದ್ಧವಾದದ್ದು, ಬ್ಯಾಂಡಿನ ತ್ರಿಕೋನದ ಗಂಟೆಗೆ ಕಡ್ಡಿ ತಾಗಿಸಿದ ಹಾಗೆ, ಆರ್ಡನ್ ಥಟ್ಟನೆ ತಿರುಗಿ ನೋಡಿದ, ಬಕೆಟ್ಟು ಅಲ್ಲೇ ಇದೆ, ಪೈಪು ಹಾಗೇ ಇದೆ, ಸದ್ದು ಬಂದದ್ದು ಆ ಕಡೆಯಿಂದ ಅಲ್ಲವೇ ಅಲ್ಲ, ಬಾಗಿಲ ಕಡೆಯಿಂದ ಬಂದ ಹಾಗಿತ್ತು, ಬೆವ್ ಸವಟು ಕೆಳಗಿಟ್ಟಳೇನೋ, ಯಾರೋ ಚಮಚ ಬೀಳಿಸಿದರೇನೋ, ಕಿವಿಗೂ ವಯಸ್ಸಾಯಿತು ಬಿಡು. ಡ್ವೇನ್ ಎದುರಿಗೆ ಕೂತು ಇವನನ್ನೇ ನೋಡಿ ನಗುತ್ತಿದ್ದಾನೆ, ಏನು ಮೇಷ್ಟ್ರೇ ಬೆಚ್ಚಿಬೀಳ್ತೀರಿ, ನಿಮ್ಮ ಬ್ಯಾಂಡಿನಲ್ಲಿ ಇಷ್ಟು ಹೊತ್ತು ಮೌನ ಇತ್ತಾ ಯಾವತ್ತಾದ್ರೂ. ಇರಲಿ, ನಗು, ನೀನು ನಗುತ್ತಾ ಇರೋದೇ ಬೇಕಾಗಿರೋದು ನನಗೆ.

ಇದೇನು ಮಾರ್ಲಿಸ್‌ಳ ತಟ್ಟೆ. ಬೆಳಗಿನ ಹೊತ್ತು ಕಪ್ಪು ಕಾಫಿ ಬಿಟ್ಟು ಒಂದು ತುಣುಕು ಬ್ರೆಡ್ಡೂ ಮುಟ್ಟದ ಹೆಂಗಸು, ಪ್ರತಿ ಶನಿವಾರ ಬೆವ್ ಗೋಗರೆದರೂ ಬೇಡಮ್ಮಾ ಅನ್ನುವವಳು, ಬೆವ್ ಇನ್ನೊಂದು ಹಾಕು ಅನ್ನುತ್ತಿದ್ದಾಳೆ. ಹಾಕಿದಳು. ತಿಂದಳು, ಉಪ್ಪಿನಕಾಯಿ ನೆಕ್ಕುವ ಹಾಗೆ ಚೂರೇ ಚೂರು ಕತ್ತರಿಸಿ, ಅಗಿದು, ಅಗಿದು, ನುಂಗಿ, ಇನ್ನೊಂದು. ಡ್ವೇನ್ ಹೆಮ್ಮೆಯಿಂದ ನೋಡ್ತಾನೆ, ನೋಡ್ರೋ ನನ್ನ ಹೆಂಡತಿ, ಗಂಡ ಹಾರ್ತಾನೆ ಅಂತ ಖುಷೀಲಿ ಹೊಟ್ಟೆ ಹಸಿದಿದೆ. ಹುಚ್ಚಪ್ಪಾ, ಹುಚ್ಚಪ್ಪಾ. ಅವಳು ಖುಷಿಗೆ ತಿಂತಿಲ್ಲ, ಮಾಡೋರಿಗೆ ಕೆಲಸ ಕೊಡ್ತಿದ್ದಾಳೆ, ಕೇಳೋರೇ ಇಲ್ಲದಿದ್ದರೆ ಹಿಟ್ಟು ಮಿಕ್ಕಿದ್ದರೂ ಇವನು ಎದ್ದುಬಿಡ್ತಾನೆ, ಕೇಳೋರಿದ್ದರೆ ಒಲೆ ಆರಲ್ಲ, ಒಲೆ ಆರದಿದ್ದರೆ ಇವನು ಏಳಲ್ಲ. ಇಷ್ಟು ವರ್ಷ ಗ್ಯಾರೇಜಿನಲ್ಲಿ ಅವನ ಹೊಲಿಗೆಯ ದಾರದ ಇನ್ನೊಂದು ತುದಿ ಹಿಡಿದು ಕೂತವಳು, ಭಯ ಅನ್ನುವ ಪದ ಒಂದು ದಿನ ಬಾಯಿಗೆ ತರಲಿಲ್ಲ, ಈಗಲೂ ತರುತ್ತಿಲ್ಲ, ಬಾಯಿಗೆ ಪ್ಯಾನ್‌ಕೇಕ್ ತುರುಕಿಕೊಂಡು ತಡೀತಿದ್ದಾಳೆ. ತಿರುಗಿ ನೋಡಿದರೆ ಒಲೆಯ ಹತ್ತಿರ ಬೆವ್, ಯಾರಿಗೂ ಕಾಣದ ಹಾಗೆ, ಹಿಟ್ಟು ಮುಗಿಯದಿರಲಿ ಅಂತ ಪಾತ್ರೆಗೆ ಜಗ್ಗಿನಿಂದ ಹಾಲು ಬಗ್ಗಿಸುತ್ತಿದ್ದಾಳೆ, ಪ್ಯಾನ್‌ಕೇಕುಗಳು ಆಗಲೇ ಬಿಲ್ಲೆಯಷ್ಟಾಗಿದ್ದವು, ಈಗ ಅಂಗಿಯ ಗುಂಡಿಯಷ್ಟು. ಏನ್ ಬೆವ್ ಇದು, ಗೊಂಬೆಗಳಿಗಾ, ಅಂದರು ಪಾದ್ರಿ, ಅಂದು ತಾವೂ ತಟ್ಟೆ ಚಾಚಿದರು. ಪಾದ್ರಿ ಸಕ್ಕರೆ ಕಾಯಿಲೆಯವರು. ಅವರ ಹಿಂದೆ ಇನ್ನೊಬ್ಬ, ಇನ್ನೊಬ್ಬ, ಹೊಟ್ಟೆ ಬಿರಿಯುವಂತೆ ತಿಂದಾದವರೆಲ್ಲ ಮತ್ತೆ ಎದ್ದು ಸಾಲಿನಲ್ಲಿ ನಿಂತಿದ್ದಾರೆ, ಮುಖ ನೋಡಿದರೆ ಏನೂ ಗೊತ್ತಿಲ್ಲದವರ ಹಾಗೆ, ನಿನ್ನ ಕೈರುಚಿ ಬಿಡಲ್ಲ ಕಣೇ ಬೆವ್ ಅಂತ. ಯಾರು ಯಾರಿಗೆ ಹೇಳಿಕೊಟ್ಟರು ಇದನ್ನ? ಯಾರೂ ಇಲ್ಲ. ಈ ಜನಕ್ಕೆ ನಾನು ತುತ್ತೂರಿ ಊದೋದು ಕಲಿಸಿದೆ, ಇದನ್ನ ಯಾರು ಕಲಿಸಿದರೋ, ಕೈ ಮುಗಿಯಬೇಕು. ಆರ್ಡನ್ ತಾನೂ ಎದ್ದ, ಅವನ ಅಂಗಿಯ ಗುಂಡಿ ಆಗಲೇ ಬಿಗಿಯುತ್ತಿತ್ತು.

ಆದರೆ ಹಾಲಿಗೂ ತಳ ಇದೆ. ಬೆವ್ ಪಾತ್ರೆ ಓರೆ ಮಾಡಿ ಬೆರಳಲ್ಲಿ ಬಳಿದಳು, ಕಡೆಯದನ್ನು ಹುಯ್ದಳು, ಅದು ಚೊಯ್ ಅಂದಿತು. ಡ್ವೇನ್ ಕೈ ಒರೆಸಿಕೊಂಡ, ಸ್ಕಾರ್ಫ್ ಸರಿಮಾಡಿಕೊಂಡ, ಎದ್ದ, ಕುರ್ಚಿ ಕಿರ್ ಅಂದಿತು, ಮಾರ್ಲಿಸ್‌ಳ ಮುಳ್ಳುಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತುಬಿಟ್ಟಿತು, ಸರಿ ಮೇಷ್ಟ್ರೇ, ಮಾತು ಮಾತೇ ಅಲ್ವಾ — ಮಾತು ಮಾತೇ ಆದರೆ ಡ್ವೇನ್, ಅಂತ ಆರ್ಡನ್ ಬಾಯಿ ತೆರೆದ — ಟಕ್. ಅಷ್ಟೇ. ಒಣ ಕಡ್ಡಿ ಮುರಿದ ಹಾಗೆ, ಅಷ್ಟೂ ಸದ್ದಿಲ್ಲ, ಆಮೇಲೆ ಬಕೆಟ್ಟು ನೆಲಕ್ಕೆ ಬಿದ್ದ ಗಲಾಟೆಯೇ ದೊಡ್ಡದು, ಪೈಪು ಉರುಳಿತು, ನೀರು ಸಿಮೆಂಟಿನ ಮೇಲೆ ಕಾಲುಕಾಲುಗಳ ನಡುವೆ ಹರಿದು ಬಂತು, ಒಬ್ಬರೂ ಕಾಲೆತ್ತಲಿಲ್ಲ. ಯಾರೂ ಮುಟ್ಟಿರಲಿಲ್ಲ ಅದನ್ನ. ಮಾರ್ಲಿಸ್ ಮುಳ್ಳುಚಮಚವನ್ನು ಕೆಳಗಿಟ್ಟಳು, ಇನ್ನು ನನ್ನ ಕೈಲಾಗಲ್ಲ ಬೆವ್, ಅಂದಳು, ನಕ್ಕಳು, ನಗು ನಡುವೆಯೇ ಒಡೆದು ಅಳುವಾಯಿತು, ಆಗ ನೋಡಿದ ಡ್ವೇನ್ ಅವಳ ತಟ್ಟೆಯನ್ನ, ಪಾಕ ಮೆತ್ತಿದ ತಟ್ಟೆಯನ್ನ, ಹಾಲಿನ ಖಾಲಿ ಜಗ್ಗನ್ನ, ಸಾಲಿನಲ್ಲಿ ನಿಂತ ಹೊಟ್ಟೆ ಬಿರಿದ ಗಂಡಸರನ್ನ, ಒಬ್ಬೊಬ್ಬರನ್ನೇ, ನಿಧಾನಕ್ಕೆ ಎಲ್ಲಾ ಅರ್ಥವಾಯಿತು ಅವನಿಗೆ. ನೀರಿನಲ್ಲಿ ಪಚಪಚ ನಡೆದು ಹೋಗಿ ತುಂಡು ಎತ್ತಿಕೊಂಡ. ಜೇಬಿನಿಂದ ತನ್ನ ಕನ್ನಡಕ ತೆಗೆದು ಹಲ್ಲು ನೋಡುವವನ ಹಾಗೆ ಮುರಿದ ಮುಖವನ್ನು ಬೆಳಕಿಗೆ ಹಿಡಿದ. ಹೊರಗೆ ಕನ್ನಡಿ, ಒಳಗೆ ಬೂದು ಸಕ್ಕರೆ ಹರಳು. ಮೇಲೆ ಥಳುಕು ಒಳಗೆ ಹುಳುಕು. ಈಗ ಸಿಡಿಯುತ್ತಾನೆ, ಈಗ ಮುಖ ತಿರುಗಿಸುತ್ತಾನೆ ಅಂತ ಆರ್ಡನ್ ಕಾದ, ಆದರೆ ಹಲ್ಲಿನ ಡಾಕ್ಟರು ನೇರ ನಡೆದದ್ದು ಮೂಲೆಯ ಮೇಜಿಗೆ, ತುಂಡನ್ನು ಗೋರ್ಡಿಯ ತುಂಡಿನ ಪಕ್ಕ ಇಟ್ಟ, ಕೇಳ್ರಪ್ಪಾ ಅಂದ, ನಾನು ಮಾಡಿದ್ದು, ನೀವು ಮಾಡಬೇಡಿ, ಚೆಂದ ಕಾಣಲಿ ಅಂತ ಮಾಡ್ದೆ, ಯಾರಿಗೂ ಕಾಣದೇ ಇರೋ ಕಡೆ. ಎಂಥ ಮನುಷ್ಯ! ಎಷ್ಟು ಹೊಲಿಗೆ ಹಾಕಿದ್ದನೋ, ಇದು ಅವೆಲ್ಲಕ್ಕಿಂತ ಚೆಂದ, ಇದೂ ಅವನ ಕೈಯಿಂದಲೇ ಆದದ್ದು, ಆರ್ಡನ್‌ಗೆ ಓಡಿ ಹೋಗಿ ತಬ್ಬಿಕೊಳ್ಳಬೇಕೆನಿಸಿತು, ಮಂಡಿ ಬಿಡಲಿಲ್ಲ. ಬೆವ್ ಗುಂಡಿಯಷ್ಟು ಗಾತ್ರದ ಆ ಕಡೆಯ ಪ್ಯಾನ್‌ಕೇಕನ್ನು ದೊಡ್ಡ ತಟ್ಟೆಯ ನಡುಮಧ್ಯೆ ಇಟ್ಟು ಅವನ ಮುಂದೆ ಹಿಡಿದಳು.

ಬಾ ಮೇಷ್ಟ್ರೇ, ಬಿಚ್ಚೋಣ ಬಾ ಅವನ್ನ, ಕನ್ನಡಿ ನೀನು ಹಿಡಿ, ಅಂದ ಡ್ವೇನ್. ಹುಲ್ಲಿನ ಮೇಲೆ ಇಬ್ಬರೂ, ಹಿಂದೆ ಮಾರ್ಲಿಸ್, ಗಾಳಿಚೀಲ ಇನ್ನೂ ಜೋಲುಬಿದ್ದೇ ಇದೆ, ಕೇಳಿ ಮಾಡಿಸಿದ ಬೆಳಗ್ಗೆ, ಕೆನೆಬಣ್ಣದ ಚೆಲುವೆ ಏನೂ ಅರಿಯದವಳ ಹಾಗೆ ನಿಂತಿದ್ದಾಳೆ, ಮುಂದಿನ ತಿಂಗಳು ಹಾರ್ತೀಯ ಕಣೇ, ಸಾಸಿವೆ ಬಣ್ಣದ ಬೋಲ್ಟು ಹಾಕಿಸ್ಕೊಂಡು ಹಾರ್ತೀಯ, ನಾನೂ ಗೋರ್ಡಿಯೂ ನಿನ್ನ ರೆಕ್ಕೆಯೊಳಗೇ ಇರ್ತೀವಿ, ಆರ್ಡನ್ ಮಂಡಿ ಊರಿದ, ಮುಚ್ಚಳ ಸರಿಸಿ ಜೇಬಿನ ದುಂಡು ಕನ್ನಡಿಯನ್ನು ಕತ್ತಲೆಯೊಳಗೆ ತೂರಿಸಿದ, ಕಿಡಿ, ಒಂದು, ಎರಡು, ಮೂರು — ಉಸಿರಿನ ಹಬೆ ಕೂತಿರಬೇಕು, ಹೊರತೆಗೆದು ಅಂಗಿಗೆ ಒರೆಸಿ ಮತ್ತೆ ಹಿಡಿದ, ಒಂದು, ಎರಡು, ಮೂರು, ನಾಲ್ಕನೆಯದರ ಜಾಗದಲ್ಲಿ ಬಿಳುಪಿಲ್ಲ, ಬೂದು ಹರಳಿನ ಒಂದು ಕುಳಿ, ಹಲ್ಲು ಬಿದ್ದ ಜಾಗ, ಬೋಲ್ಟಿನ ತಲೆ ಹಾರಿಹೋಗಿದೆ, ಆಗ ಕೇಳಿದ ಆ ಟಿಣ್, ಬಾಗಿಲ ಕಡೆಯಿಂದ, ಈ ಕಡೆಯಿಂದ, ನೆಲದ ಮೇಲೆ, ನಿಂತಲ್ಲೇ, ಎಲ್ಲರೂ ತಿನ್ನುತ್ತಿದ್ದಾಗ — ಏನಾಯ್ತು ಮೇಷ್ಟ್ರೇ, ಎಷ್ಟಿವೆ, ಹೇಳು, ಅಂತಿದ್ದಾನೆ ಡ್ವೇನ್, ಅವನ ಬಿಸಿಯುಸಿರು ಕಿವಿಯ ಹತ್ತಿರವೇ, ಬೆಚ್ಚಗೆ, ಬದುಕಿದವನ ಉಸಿರು, ಆರ್ಡನ್‌ಗೆ ಕನ್ನಡಿ ಹಿಂದಕ್ಕೆ ಎಳೆಯಲಾಗುತ್ತಿಲ್ಲ, ಒಂದು, ಎರಡು, ಮೂರು, ಆ ಕುಳಿ, ಮತ್ತೆ ಮೊದಲಿಂದ, ಒಂದು, ಎರಡು, ಮೂರು